ರೋಗಾಣುವಿನ ಅರಿವು, ಮನುಷ್ಯನ ಹೊಣೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಹಿರಿಯರ ತ್ಯಾಗವನ್ನು ನೆನೆಯುವುದು ವಾಡಿಕೆ. ನನಗಿಂತ ಮೊದಲು ಮಾತನಾಡಿದವರು ಆ ಕೆಲಸವನ್ನು ಸೊಗಸಾಗಿ ನೆರವೇರಿಸಿದ್ದಾರೆ. ನಾನು ಈ ದಿನ ಒಂದು ಹಳೆಯ ಸಾಲವನ್ನು ತೀರಿಸಬೇಕೆಂದಿದ್ದೇನೆ.

ಕೋವಿಡ್ ತಗ್ಗಿ ಶಾಲೆ ಮತ್ತೆ ತೆರೆದ ದಿನಗಳು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ರೋಗಕ್ಕೆ ಮದ್ದು ಹುಡುಕಬೇಕಾದರೆ ಮೊದಲು ಆ ರೋಗಾಣುವನ್ನೇ ಬೆಳೆಸಬೇಕಂತೆ. ಬೆಳೆಸಿದವರೇ ಅದನ್ನು ಜನರ ಮೇಲೆ ಬಿಟ್ಟರೆ?" ಅವಳ ಮನೆಯಲ್ಲಿ ಆ ವರ್ಷ ಒಂದು ಸಾವಾಗಿತ್ತು. "ಅದನ್ನೆಲ್ಲ ದೊಡ್ಡವರು ನೋಡಿಕೊಳ್ಳುತ್ತಾರೆ, ಕುಳಿತುಕೋ" ಎಂದುಬಿಟ್ಟೆ. ನಾನು ಓದಿದ್ದು ಕನ್ನಡ ಎಂ.ಎ.; ವಿಜ್ಞಾನ ನನ್ನ ವಿಷಯವಲ್ಲವೆಂದು ಸಮಾಧಾನ ಮಾಡಿಕೊಂಡೆ. ಅವಳ ಪ್ರಶ್ನೆ ವಿಜ್ಞಾನಕ್ಕಿಂತ ಹೆಚ್ಚಾಗಿ ನೀತಿಗೆ ಸೇರಿದ್ದೆಂದು ಹೊಳೆದದ್ದು ಆಮೇಲೆ. ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ಮೊದಲು ಎದುರಾದದ್ದು ನಮ್ಮ ಕನ್ನಡನಾಡಿನದೇ ಒಂದು ಕಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ಅದನ್ನು ಹರಡುವುದು ಉಣ್ಣೆಯೆಂದೂ ತಿಳಿಯಿತು. ನಮ್ಮ ಜನ ಇಂದಿಗೂ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಆ ವೈರಸ್ಸನ್ನು ಅಭ್ಯಾಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ್ದುಂಟು. ಅಂಥವರು ಜೀವವನ್ನು ಪಣಕ್ಕಿಡದಿದ್ದರೆ ನಮಗೆ ಆ ರೋಗದ ಹೆಸರೂ ತಿಳಿಯುತ್ತಿರಲಿಲ್ಲ.

ಈ ವೈರಸ್ಸು ರಷ್ಯಾದ ಕಡೆಯ ಕೆಲವು ವೈರಸ್ಸುಗಳಿಗೆ ಹತ್ತಿರದ ಬಂಧು. ಆದ್ದರಿಂದ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳ ಮೂಲಕ ಅದನ್ನು ತಂದಿರಬಹುದೇ ಎಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನವನ್ನು ಕೈಗೊಂಡಿತು. ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಮುಂದೆ ಅಮೆರಿಕ ಸೇನೆಯ ಸಂಶೋಧನಾ ಹಣವೂ ಬಂದಿತು. 1974ರಲ್ಲಿ ಪತ್ರಿಕೆಗಳು ಪ್ರಶ್ನೆ ಎತ್ತಿದವು: ಯಾವ ಹಕ್ಕಿ ಯಾವ ರೋಗವನ್ನು ಎಲ್ಲಿಗೆ ಒಯ್ಯುತ್ತದೆಂಬ ಮಾಹಿತಿ ಪರದೇಶದ ಸೇನೆಗೆ ಏಕೆ ಬೇಕು? ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ನಡೆಯುತ್ತಿದ್ದ ಸೊಳ್ಳೆ ನಿಯಂತ್ರಣದ ಯೋಜನೆಯೂ ಅದೇ ಸಂಶಯಕ್ಕೆ ಸಿಕ್ಕಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿ 1975ರಲ್ಲಿ ವರದಿ ಕೊಟ್ಟಿತು. ಸೊಳ್ಳೆಯ ಯೋಜನೆ ನಿಂತುಹೋಯಿತು.

ಅಲ್ಲಿ ಆಯುಧವೊಂದು ತಯಾರಾಯಿತೆಂದು ಯಾರೂ ಸಾಬೀತು ಮಾಡಲಿಲ್ಲ. ಸಲೀಂ ಅಲಿಯವರ ಪಕ್ಷಿಪ್ರೇಮವೂ ಸಂಶಯಾತೀತ. ಆದರೂ ಒಳ್ಳೆಯ ಕೆಲಸಕ್ಕೆ ಕಳಂಕ ತಟ್ಟಿತು. ಹಣ ಯಾರದು, ಫಲಿತಾಂಶ ಯಾರ ಕೈ ಸೇರುತ್ತದೆ ಎಂಬುದನ್ನು ಜನರಿಗೆ ಮೊದಲೇ ಬಿಡಿಸಿ ಹೇಳಿದ್ದರೆ ಅಷ್ಟು ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ.

ಹಾಗಾದರೆ ಸಂಶಯವೆಲ್ಲ ಬರಿಯ ಭ್ರಮೆಯೇ? ಅದೂ ಅಲ್ಲ. ನಮ್ಮ ಸೀಮೆಯ ಕುರಿಗಾಹಿಗಳು ಬಲ್ಲ ನೆರಡಿ ರೋಗವನ್ನೇ ನೋಡಿ. ಕುರಿ, ದನಗಳನ್ನು ಹಠಾತ್ತನೆ ಕೊಲ್ಲುವ ಆಂಥ್ರಾಕ್ಸ್ ಅದು. ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. 1979ರಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್‌ಸ್ಕ್ ನಗರದ ಸೇನಾ ಕೇಂದ್ರದಿಂದ ಅದು ಸೋರಿ ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರ್ಕಾರ ವರ್ಷಗಟ್ಟಲೆ ಹೇಳಿತು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಅದೇ ಬೀಜಾಣು ಬಂದು ಐವರು ತೀರಿಕೊಂಡರು. ಆ ರೋಗಕ್ಕೆ ಲಸಿಕೆ ರೂಪಿಸುವ ಕೆಲಸದಲ್ಲಿದ್ದ ಸೇನಾ ವಿಜ್ಞಾನಿಯೇ ಇದನ್ನು ಮಾಡಿದನೆಂದು ತನಿಖೆ ತೀರ್ಮಾನಿಸಿತು; ವಿಚಾರಣೆಗೆ ಮೊದಲೇ ಆತ ಸತ್ತಿದ್ದ. ಆ ತೀರ್ಮಾನ ನಿಜವಾದರೆ ಅದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ನಮ್ಮ ಹುಡುಗಿ ಕೇಳಿದ್ದೂ ಅದನ್ನೇ.

ಕಾನೂನುಗಳಿಲ್ಲವೆಂದಲ್ಲ. ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸಿನ 1925ರ ಜಿನೀವಾ ಒಡಂಬಡಿಕೆ ಯುದ್ಧದಲ್ಲಿ ರೋಗಾಣುಗಳ ಬಳಕೆಯನ್ನು ನಿಷೇಧಿಸಿತು. 1972ರ ಜೈವಿಕ ಆಯುಧ ಒಪ್ಪಂದವು ಅವುಗಳ ತಯಾರಿಕೆ ಮತ್ತು ಸಂಗ್ರಹವನ್ನೂ ನಿಷೇಧಿಸಿತು. ಭಾರತ 1974ರಲ್ಲಿ ಅದನ್ನು ಅನುಮೋದಿಸಿತು. 2005ರಲ್ಲಿ ನಮ್ಮ ಸಂಸತ್ತು ಸಾಮೂಹಿಕ ವಿನಾಶದ ಆಯುಧಗಳ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೂ ಮಾಡಿತು. ಆದರೆ ರೋಗ ತಡೆಯುವ ಸಂಶೋಧನೆಗೆ ಒಪ್ಪಂದದಲ್ಲಿ ಅವಕಾಶವಿದೆ, ಇರಲೇಬೇಕು. ಯಾವುದು ತಡೆ, ಯಾವುದು ತಯಾರಿ ಎಂದು ಒಳಹೊಕ್ಕು ಪರಿಶೀಲಿಸುವ ಅಂತರರಾಷ್ಟ್ರೀಯ ವ್ಯವಸ್ಥೆ ಮಾತ್ರ ಆ ಒಪ್ಪಂದಕ್ಕೆ ಇಂದಿಗೂ ಇಲ್ಲ. ಒಂದೇ ಸೀಸೆ, ಒಂದೇ ಸೂಕ್ಷ್ಮದರ್ಶಕ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಎಲ್ಲವನ್ನೂ ಬಯಲಿಗಿಡಿ ಎನ್ನುವುದೂ ಸುಲಭವಲ್ಲ. 2011ರಲ್ಲಿ ಹಕ್ಕಿಜ್ವರದ ವೈರಸ್ಸು ಸಸ್ತನಿಗಳ ನಡುವೆ ಗಾಳಿಯ ಮೂಲಕ ಹರಡುವಂತೆ ಮಾಡಬಹುದೆಂದು ಎರಡು ತಂಡಗಳು ಪ್ರಯೋಗಾಲಯದಲ್ಲಿ ತೋರಿಸಿದವು. ಮುಂಬರುವ ಅಪಾಯವನ್ನು ಅರಿಯಲೆಂದೇ ಮಾಡಿದೆವೆಂದರು ಅವರು. ದುಷ್ಟರ ಕೈಗೆ ದಾರಿ ತೋರಿದಿರೆಂದರು ಟೀಕಾಕಾರರು. ವಿವರಗಳನ್ನು ತಡೆಹಿಡಿಯಬೇಕೆಂದು ಅಮೆರಿಕದ ಸಲಹಾ ಮಂಡಳಿ ಮೊದಲು ಸೂಚಿಸಿತು. ಚರ್ಚೆಯಾದ ಮೇಲೆ 2012ರಲ್ಲಿ ಅವು ಪ್ರಕಟವಾದವು. ಎರಡೂ ವಾದಗಳಲ್ಲಿ ಹುರುಳಿತ್ತು.

ಇಷ್ಟನ್ನು ಓದಿದ ಮೇಲೆ ನನಗೆ ತೋರಿದ್ದು ಇದು. ಅಪಾಯಕರ ರೋಗಾಣುವಿನ ಸಂಶೋಧನೆ ನಡೆಯಲೇಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಆದರೆ ಮಾಡುವವರ ಒಳ್ಳೆಯ ಉದ್ದೇಶವೊಂದೇ ಸಾಲದು. ‘ಹೇಗೆ’ ಎಂಬುದರ ಕೆಲವು ವಿವರಗಳು ಬೀಗದೊಳಗೆ ಇರಬಹುದು. ‘ಏಕೆ’, ‘ಯಾರ ಹಣದಿಂದ’, ‘ಯಾರ ಕಾವಲಿನಲ್ಲಿ’, ‘ತಪ್ಪಿದರೆ ಯಾರಿಗೆ ಕೇಡು’ ಎಂಬ ನಾಲ್ಕು ಉತ್ತರಗಳು ಮಾತ್ರ ಬಯಲಲ್ಲಿರಬೇಕು. ಹಳ್ಳಿಯವನ ತೋಳಿನಿಂದ ರಕ್ತ ತೆಗೆಯುವಾಗ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಅವನ ನುಡಿಯಲ್ಲೇ ಹೇಳಬೇಕು.

ಇಲ್ಲಿಯೇ ನಮ್ಮಂಥ ಶಾಲೆಯ ಕೆಲಸವಿದೆ. 1953ರಲ್ಲಿ ಆಲೂರು, ಆದೋನಿ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ನಾವು ಕನ್ನಡವನ್ನು ಉಳಿಸಿಕೊಂಡೆವು. ಪ್ರಾರ್ಥನೆಗೂ ಪದ್ಯಕ್ಕೂ ಮಾತ್ರ ಉಳಿಸಿಕೊಂಡರೆ ಸಾಲದು. ಇಂಥ ಪ್ರಶ್ನೆಗಳನ್ನು ಕೇಳಲೂ ಉತ್ತರಿಸಲೂ ಆ ನುಡಿ ಬೇಕು. ಪ್ರಶ್ನಿಸಿದ ಮಗುವನ್ನು ಕೂರಿಸಿದ ಶಿಕ್ಷಕಿ ಮುಂದೆ ಪ್ರಯೋಗಾಲಯದಲ್ಲಿ ತಪ್ಪು ಕಂಡೂ ಬಾಯಿ ತೆರೆಯದ ನೌಕರರನ್ನು ತಯಾರು ಮಾಡುತ್ತಾಳೆ. ಆ ತಪ್ಪು ನನ್ನಿಂದ ಆಯಿತು.

ಆ ಹುಡುಗಿ ಈಗ ಪ್ರಯೋಗಾಲಯದ ಕೆಲಸವನ್ನೇ ಕಲಿಯುತ್ತಿದ್ದಾಳೆ. ಈ ಸಭೆಯಲ್ಲಿಯೂ ಇದ್ದಾಳೆ. ಮಗಳೇ, ದೊಡ್ಡವರು ನೋಡಿಕೊಳ್ಳುತ್ತಾರೆ ಎಂದಿದ್ದೆ. ಇನ್ನು ಆ ದೊಡ್ಡವರಲ್ಲಿ ನೀನೂ ಒಬ್ಬಳು. ಅಂದು ಕೇಳಿದಂತೆಯೇ ಮುಂದೆಯೂ ಎದ್ದು ನಿಂತು ಕೇಳು.