ಹಿತ್ತಿಲಿಗೆ ಬಂದ ನರಿ ಮತ್ತು ವಿಶ್ವಾಸಿಯ ಕರುಣೆ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಡಿರಿ. ಅವನು ನಮ್ಮ ಕೈಗೆ ಕೊಟ್ಟಿರುವ ಪ್ರತಿಯೊಂದರ ಬಗ್ಗೆಯೂ ನಾಳೆ ಅವನ ಮುಂದೆ ಉತ್ತರಿಸಬೇಕಾದವರು ನಾವು.

ಕಳೆದ ವಾರ ಇಶಾ ನಮಾಝಿನ ಬಳಿಕ ನಮ್ಮ ಜಮಾಅತಿನ ಸಹೋದರರೊಬ್ಬರು ಬಂದು ಒಂದು ವಿಷಯ ಕೇಳಿದರು. ಅವರ ಮನೆಯ ಹಿಂದಿನ ತೆಂಗಿನ ತೋಟದಲ್ಲಿ ನರಿಯೊಂದು ಬಿಲ ತೋಡಿ ಮರಿ ಹಾಕಿದೆ. ಎರಡು ಕೋಳಿಗಳು ಹೋಗಿವೆ. ರಾತ್ರಿ ಅದರ ಕೂಗಿಗೆ ಮಕ್ಕಳು ಹೆದರುತ್ತಾರೆ. "ಉಸ್ತಾದರೇ, ಮಾಂಸಕ್ಕೆ ವಿಷ ಬೆರೆಸಿ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಇಡಬಹುದೇ?" ಎಂದರು. ಇಡಬೇಡಿ ಎಂದೆವು. ಯಾಕೆ ಎಂಬುದನ್ನು ಇಂದು ಎಲ್ಲರೂ ಸೇರಿ ಯೋಚಿಸೋಣ.

ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್ ಅನ್‌ಆಮ್ ನಮಗೆ ಕಲಿಸುತ್ತದೆ. ಒಂದು ಪ್ರಯಾಣದಲ್ಲಿ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿಯವರು(ಸ), ಇದರ ಮರಿಗಳನ್ನು ಕಸಿದು ಇದನ್ನು ನೋಯಿಸಿದವರು ಯಾರೆಂದು ಕೇಳಿ, ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಅಬೂದಾವೂದ್ ಈ ಹದೀಸನ್ನು ವರದಿ ಮಾಡಿದ್ದಾರೆ. ತೋಟದ ಬಿಲದಲ್ಲಿರುವುದೂ ಒಂದು ತಾಯಿಯೇ ಅಲ್ಲವೇ?

ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರೆತ್ತಿ ಕುಡಿಸಿದವನಿಗೆ ಅಲ್ಲಾಹನು ಕ್ಷಮೆ ನೀಡಿದನು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಣ್ಣು ನರಕಕ್ಕೆ ಅರ್ಹಳಾದಳು. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವೆಂದೂ ಪ್ರವಾದಿಯವರು(ಸ) ತಿಳಿಸಿದ್ದಾರೆ. ನಮ್ಮ ತೋಟ ನಮಗೆ ಬರೇ ತೆಂಗಿನಕಾಯಿ ಕೊಡುವ ಜಾಗವಲ್ಲ, ಪುಣ್ಯದ ಜಾಗವೂ ಹೌದು.

ಹಾಗಾದರೆ ಕೋಳಿ ಕಳಕೊಂಡವರು ಸುಮ್ಮನಿರಬೇಕೇ? ಇಲ್ಲ. ನಮ್ಮ ಸೊತ್ತನ್ನೂ ಮಕ್ಕಳನ್ನೂ ಕಾಪಾಡುವುದು ನಮ್ಮ ಹೊಣೆ. ಆದರೆ ಕಾಪಾಡುವುದು ಬೇರೆ, ಸೇಡು ತೀರಿಸುವುದು ಬೇರೆ. ವಿಷವಿಟ್ಟ ಮಾಂಸಕ್ಕೆ ನರಿ ಯಾವುದು, ನೆರೆಮನೆಯ ಬೆಕ್ಕು ಯಾವುದು ಎಂಬುದು ಗೊತ್ತಿಲ್ಲ. ತಾಯಿ ಸತ್ತರೆ ಮರಿಗಳು ಬಿಲದೊಳಗೆ ಹಸಿವಿನಿಂದ ನರಳಿ ಸಾಯುತ್ತವೆ. ಉರುಳಿಗೆ ಸಿಕ್ಕಿದ ಪ್ರಾಣಿಯೂ ಹಾಗೆಯೇ ನರಳುತ್ತದೆ. ಬಿಲಕ್ಕೆ ಬೆಂಕಿ ಹಾಕುವ ಮಾತಂತೂ ಬೇಡ. ಬೆಂಕಿಯಿಂದ ಶಿಕ್ಷಿಸುವ ಹಕ್ಕು ಬೆಂಕಿಯ ಒಡೆಯನಿಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನರಿಯನ್ನು ಕೊಲ್ಲುವುದು ಅಪರಾಧವೂ ಹೌದು.

ಇನ್ನು ಕೆಲವರು 'ನರಿ ಕೊಂಬು' ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂದು ನಂಬಿ ಹಣ ಸುರಿಯುತ್ತಾರೆ. ನರಿಗೆ ಕೊಂಬೇ ಇಲ್ಲ. ಐಶ್ವರ್ಯ ಕೊಡುವವನು ಅಲ್ಲಾಹನೊಬ್ಬನೇ. ಈ ಮೂಢನಂಬಿಕೆಗಾಗಿ ಒಂದು ಜೀವ ಹೋಗುವುದು ಎರಡು ಪಟ್ಟು ಪಾಪ.

ಸಹೋದರರೇ, ನರಿ ಮನೆಯಂಗಳಕ್ಕೆ ಯಾಕೆ ಬರುತ್ತದೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಮದುವೆಯ ಎಂಜಲು, ಕೋಳಿಯ ಪುಕ್ಕ ಮತ್ತು ಕರುಳು, ಬಕ್ರೀದಿನ ತ್ಯಾಜ್ಯ, ಇವನ್ನೆಲ್ಲ ತೋಟದ ಮೂಲೆಗೆ ಎಸೆಯುವವರು ಯಾರು? ಊಟಕ್ಕೆ ಕರೆದವರು ನಾವು, ಬಂದದ್ದಕ್ಕೆ ಕೊಲ್ಲಹೊರಟವರೂ ನಾವು! ತ್ಯಾಜ್ಯವನ್ನು ಆಳವಾಗಿ ಹೂಳಿರಿ. ಮಗ್ರಿಬ್‌ಗೆ ಮೊದಲು ಕೋಳಿಗಳನ್ನು ಗೂಡಿಗೆ ಸೇರಿಸಿರಿ. ಗೂಡಿಗೆ ಗಟ್ಟಿ ಕಬ್ಬಿಣದ ಬಲೆ ಹಾಕಿ, ಬುಡವನ್ನು ಮಣ್ಣಿನೊಳಕ್ಕೆ ಇಳಿಸಿರಿ. ಮರಿಗಳಿರುವ ಬಿಲವನ್ನು ಮುಚ್ಚಬೇಡಿ. ಮರಿಗಳು ಬೆಳೆದ ಮೇಲೆ ನರಿ ತಾನಾಗಿ ಬಿಲ ಬಿಡುತ್ತದೆ. ಖಾಲಿಯಾದದ್ದು ಖಚಿತವಾದ ಬಳಿಕ ಮುಚ್ಚಿ, ಸುತ್ತಲಿನ ಪೊದೆ ಸವರಿರಿ. ಅದಕ್ಕೆ ಅನ್ನ ಹಾಕಿ ಸಾಕಲೂ ಹೋಗಬೇಡಿ. ತೋಟದ ಇಲಿಗಳೇ ಅದಕ್ಕೆ ಆಹಾರ, ನಮಗೆ ಉಪಕಾರ.

ಮಕ್ಕಳನ್ನು ಬಿಲದ ಹತ್ತಿರ ಬಿಡಬೇಡಿ. ನರಿ ಹೆದರಿಕೆಯಿಲ್ಲದೆ ಮೇಲೇರಿ ಬಂದರೆ ಅದಕ್ಕೆ ಹುಚ್ಚು ರೋಗವಿರಬಹುದು. ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿರಿ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಿರಿ. ಮಂತ್ರಿಸಿದ ನೀರನ್ನು ನಂಬಿ ಕುಳಿತುಕೊಳ್ಳಬೇಡಿ.

ಆ ಸಹೋದರರು ವಿಷ ಇಡಲಿಲ್ಲ. ಜಮಾಅತಿನ ಇಬ್ಬರು ಯುವಕರು ಹೋಗಿ ಗೂಡಿಗೆ ಬಲೆ ಹಾಕಿಕೊಟ್ಟರು. ನರಿ ಇನ್ನೂ ಅಲ್ಲಿಯೇ ಇದೆ. ಕೋಳಿಗಳೂ ಇವೆ.

ಭೂಮಿಯಲ್ಲಿರುವವರಿಗೆ ಕರುಣೆ ತೋರಿ ಅಲ್ಲಾಹನ ಕರುಣೆಗೆ ಪಾತ್ರರಾಗುವವರಲ್ಲಿ ಅವನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.