ಚೈತ್ರದ ಹಿತ್ತಿಲು ಮತ್ತು ಬೆಟ್ಟದ ದರಕು

(ಗ್ರಾಮ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಸಂತವೆಂದರೆ ಚಿಗುರು, ಕೋಗಿಲೆ, ಮಾವಿನ ಹೂವು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸುಳ್ಳಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಅರ್ಧ ಎಕರೆ, ಒಂದು ಎಕರೆ ಅಡಿಕೆ ತೋಟವನ್ನು ನಂಬಿ ಬದುಕುವ ಮನೆಗೆ ಫಾಲ್ಗುಣ-ಚೈತ್ರ ಮಾಸಗಳಷ್ಟು ಬಿಡುವಿಲ್ಲದ ಕಾಲ ಮತ್ತೊಂದಿಲ್ಲ. ಅಂಗಳದಲ್ಲಿ ಕಾಳುಮೆಣಸು ಒಣಗುತ್ತಿರುತ್ತದೆ. ಜಗುಲಿಯಲ್ಲಿ ಅಪ್ಪೆಮಿಡಿಯನ್ನು ತೊಟ್ಟು ಸಹಿತ ಆರಿಸಿ ಉಪ್ಪಿಗೆ ಹಾಕುತ್ತಿರುತ್ತಾರೆ. ಹಲಸು ಬಲಿಯುತ್ತಿದ್ದಂತೆ ಹಪ್ಪಳದ ಚಾಪೆಗಳು ಹೊರಬರುತ್ತವೆ, ಅವುಗಳನ್ನು ಕಾಗೆಯಿಂದ ಕಾಯಲು ಮಕ್ಕಳು ಬೇಕು. ಸಂಜೆ ತೋಟಕ್ಕೆ ನೀರು. ಈ ಎಲ್ಲದರ ನಡುವೆ, ಬಿಸಿಲೇರುವ ಮೊದಲೇ ಮುಗಿಯಬೇಕಾದ ಒಂದು ಕೆಲಸವಿದೆ: ಬೆಟ್ಟ ಗುಡಿಸುವುದು. ಇಂದು ಆ ಒಂದು ಕೆಲಸದ ಕುರಿತು ಮಾತ್ರ ಮಾತನಾಡಲು ಬಯಸುತ್ತೇನೆ.

ಬೇರೆ ಕಡೆಯಿಂದ ಬಂದಿರುವ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಣೆ. ನಮ್ಮಲ್ಲಿ ಬೆಟ್ಟವೆಂದರೆ ಬರಿಯ ಗುಡ್ಡವಲ್ಲ. ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸಲೆಂದು ಬ್ರಿಟಿಷರ ಕಾಲದಿಂದಲೂ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು ಅದು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬುದು ರೂಢಿಯ ಪ್ರಮಾಣ. ನೆಲ ಸರಕಾರದ್ದು, ಸೊಪ್ಪಿನ ಸೌಲಭ್ಯ ನಮ್ಮದು. ಮತ್ತಿ, ಹೊನ್ನೆ, ನಂದಿ, ಕೌಲು, ನೇರಳೆ ಬೆರೆತ ಆ ಕಾಡಿನಲ್ಲಿ ಮಾಘದಿಂದ ಉದುರುವ ಒಣ ಎಲೆಯೇ ದರಕು. ಅದನ್ನು ಗುಡಿಸಿ, ಹೆಡಿಗೆಗೆ ತುಂಬಿ, ಹೊತ್ತು ತಂದು ಒಟ್ಟಿದರೆ ಮಳೆಗಾಲವಿಡೀ ಕೊಟ್ಟಿಗೆಯ ದನಗಳ ಕಾಲಡಿಗೆ ಹಾಸಿಗೆ. ದರಕಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ-ಗಂಜಲ ಆ ಕೊರತೆಯನ್ನು ತುಂಬುತ್ತದೆ. ಇಂಗಾಲ ಮತ್ತು ಸಾರಜನಕ ಸುಮಾರು ಇಪ್ಪತ್ತೈದು-ಮೂವತ್ತಕ್ಕೆ ಒಂದರಂತೆ ಬೆರೆತಾಗ ಗೊಬ್ಬರ ಚೆನ್ನಾಗಿ ಕಳಿಯುತ್ತದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಆ ಲೆಕ್ಕ ತಿಳಿಯದೆಯೇ ನಮ್ಮ ಅಜ್ಜಿಯಂದಿರು ಅದನ್ನು ಕೊಟ್ಟಿಗೆಯಲ್ಲಿ ಸಾಧಿಸಿದ್ದರು.

ಎಷ್ಟು ಬೇಕು? ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಎಂಬುದು ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು. ಅರ್ಧ ಎಕರೆಯ ಬಡ ತೋಟಿಗನಿಗೂ ಎರಡೂ ಸೇರಿ ವರ್ಷಕ್ಕೆ 6,600 ಕಿಲೋ ಆಯಿತು. ಹೆಡಿಗೆಗೆ ಹತ್ತು ಕಿಲೋ ಹಿಡಿದರೆ 660 ತಲೆಹೊರೆ. ಈ ತಲೆ ಬಹುಪಾಲು ಹೆಂಗಸರದ್ದು ಎಂಬುದನ್ನು ಯಾವ ಶಿಫಾರಸು ಪತ್ರವೂ ಬರೆಯುವುದಿಲ್ಲ. ನಾನು ಬರೆದವುಗಳೂ ಸೇರಿ.

ಕಾಡಿನ ಉಣ್ಣೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹೆಚ್ಚಾಗಿ ಹರಡುವುದು ಬೇಸಗೆ ಮುಗಿಯುವವರೆಗಿನ ಈ ತಿಂಗಳುಗಳಲ್ಲಿಯೇ. ಅದನ್ನು ಹರಡುವ ಉಣ್ಣೆಯ ಮರಿಗಳು ಇದೇ ದರಕಿನಲ್ಲಿರುತ್ತವೆ. ಮಂಗ ಸತ್ತ ಸುದ್ದಿ ಬಂದ ಬೆಟ್ಟಕ್ಕೆ ದಯವಿಟ್ಟು ಯಾರೂ ಹೆಡಿಗೆ ಹೊತ್ತು ಹೋಗಬೇಡಿ. ಒಂದು ವರ್ಷ ಗೊಬ್ಬರ ಕಡಿಮೆಯಾದರೆ ತೋಟ ಸಾಯುವುದಿಲ್ಲ.

ಈಗ ನನ್ನದೇ ತಪ್ಪಿನ ಕತೆ. ನಮ್ಮ ಮನೆಯ ಹಿಂದೆ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಒರತೆಯಿದೆ. ಅಡಿಕೆ ದಬ್ಬೆಯಲ್ಲಿ ಹರಿದು ಹಿತ್ತಿಲಿಗೆ ಬೀಳುವ ಆ ಅಬ್ಬಿ ನೀರೇ ಅಡಿಗೆಗೆ, ದನಕ್ಕೆ, ಬಸಳೆ ಚಪ್ಪರಕ್ಕೆ. ನಾನು ಹುಡುಗನಾಗಿದ್ದಾಗ ವೈಶಾಖದ ಕೊನೆಗೂ ಅದು ಬೆರಳು ದಪ್ಪ ಬೀಳುತ್ತಿತ್ತು. ಓದು ಮುಗಿಸಿ ಊರಿಗೆ ಮರಳಿದ ಮೇಲೆ ತೋಟವನ್ನು ‘ವೈಜ್ಞಾನಿಕ’ವಾಗಿ ಸಾಕುವ ಉತ್ಸಾಹದಲ್ಲಿ ನಾನು ಬೆಟ್ಟದ ದರಕನ್ನು ಒಂದೆಲೆ ಬಿಡದೆ ಗುಡಿಸಿಸಿದೆ. ಇಳಿಜಾರನ್ನೂ ಬಿಡಲಿಲ್ಲ, ಅಬ್ಬಿಯ ನೆತ್ತಿಯನ್ನೂ ಬಿಡಲಿಲ್ಲ. ಗೊಬ್ಬರದ ಗುಂಡಿ ತುಂಬಿತು. ಕೆಲವೇ ವರ್ಷಗಳಲ್ಲಿ ಬೆಟ್ಟದ ಮೈಯಲ್ಲಿ ಕೆಂಪು ಜಂಬಿಟ್ಟಿಗೆ ಕಾಣಿಸಿಕೊಂಡಿತು. 2017ರ ಬೇಸಗೆಯಲ್ಲಿ ಯುಗಾದಿಗೂ ಮುನ್ನವೇ ಅಬ್ಬಿ ನಿಂತಿತು.

ಒಂದು ಎಕರೆ ನೆಲದ ಮೇಲೆ 25 ಮಿಲಿಮೀಟರಿನ ಒಂದು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ಬೇಸಗೆಯ ಗುಡುಗು ಮಳೆಯ ಹನಿ ದೊಡ್ಡದು, ಅದರ ಪೆಟ್ಟೂ ದೊಡ್ಡದು. ದರಕಿದ್ದಲ್ಲಿ ಪೆಟ್ಟು ಎಲೆಯ ಮೇಲೆ ಬೀಳುತ್ತದೆ. ನೀರು ಸಾವಕಾಶವಾಗಿ ಕೆಳಗಿಳಿದು ಎರೆಹುಳುವಿನ, ಗೆದ್ದಲಿನ ತೂತುಗಳಲ್ಲಿ ಇಂಗುತ್ತದೆ. ಬರಿನೆಲದಲ್ಲಿ ಅದೇ ಹನಿ ಮಣ್ಣನ್ನು ಸಿಡಿಸಿ, ಸಿಡಿದ ನುಣುಪು ಮಣ್ಣಿನಿಂದಲೇ ಆ ತೂತುಗಳನ್ನು ಮುಚ್ಚುತ್ತದೆ. ಆಮೇಲಿನದು ಕೆಂಪು ನೀರಾಗಿ ಹಳ್ಳಕ್ಕೆ. ಇದನ್ನು ನಾನು ಪರೀಕ್ಷೆಗೆ ಬರೆದು ಅಂಕ ಪಡೆದಿದ್ದೆ. ಹಿತ್ತಿಲಿನಲ್ಲಿ ಅದು ನೆನಪಿಗೆ ಬರಲಿಲ್ಲ.

ಮರುವರ್ಷ ಮೂರನೆಯ ಒಂದು ಪಾಲು ಬೆಟ್ಟವನ್ನು ಗುಡಿಸದೆ ಬಿಡೋಣವೆಂದಾಗ ನಮ್ಮ ತಾಯಿಯವರು ಒಪ್ಪಲಿಲ್ಲ. “ಬೆಟ್ಟ ಗುಡಿಸದಿದ್ದರೆ ಊರವರು ಸೋಮಾರಿಗಳ ಮನೆ ಅಂದಾರು ತಮ್ಮಾ, ಬೆಂಕಿ ಬಿದ್ದರೆ ಯಾರು ಹೊಣೆ?” ಎಂದರು. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಮಿಡಿಯ ತೊಟ್ಟು ಬಿಡಿಸುತ್ತ ಅವರೇ ನೆನಪಿಸಿಕೊಂಡರು: ಅವರು ಮದುವೆಯಾಗಿ ಬಂದಾಗ ಅಬ್ಬಿಯ ನೆತ್ತಿಯ ಭಾಗದಲ್ಲಿ ದರಕು ಮುಟ್ಟುತ್ತಿರಲಿಲ್ಲವಂತೆ. ಅಲ್ಲೊಂದು ಚೌಡಿಯ ಕಲ್ಲಿತ್ತು, ಅದರ ಸುತ್ತಿನ ಎಲೆ ಚೌಡಿಗೆ ಸೇರಿದ್ದೆಂದು ಅತ್ತೆಯವರ ಕಟ್ಟಪ್ಪಣೆ. ಕಲ್ಲು ಈಗಲೂ ಇದೆ. ಅದರ ಸುತ್ತಿನ ಎಲೆಯನ್ನು ಗುಡಿಸಿದವನು ನಾನು.

ಅಲ್ಲಿಂದ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ದಾರಿಯ ಅಂಚು ಮತ್ತು ಬೆಟ್ಟದ ಗಡಿಯಲ್ಲಿ ಪೂರ್ತಿ ಗುಡಿಸುತ್ತೇವೆ. ಅದೇ ಬೆಂಕಿ ತಡೆಯುವ ಪಟ್ಟಿಯೂ ಹೌದು, ಅಲ್ಲಿನ ದರಕನ್ನು ಸುಡದೆ ಕೊಟ್ಟಿಗೆಗೆ ತರುತ್ತೇವೆ. ಸಪಾಟು ಜಾಗದಲ್ಲಿ ಮೇಲಿನ ಹೊಸ ಎಲೆ ಮಾತ್ರ, ಅಡಿಯ ಕಪ್ಪು ಪದರಕ್ಕೆ ಕೈ ಹಚ್ಚುವುದಿಲ್ಲ. ಕಡಿದಾದ ಇಳಿಜಾರು ಹಾಗೂ ಅಬ್ಬಿಯ ನೆತ್ತಿ ಚೌಡಿಗೆ. ಕೊರತೆಯಾದ ಪಾಲನ್ನು ತೋಟದಲ್ಲೇ ಬಿದ್ದ ಅಡಿಕೆ ಸೋಗೆ, ಸಿಪ್ಪೆಗಳಿಂದ ತುಂಬುತ್ತೇವೆ. ಸಿಪ್ಪೆಯನ್ನು ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿಯಿಡುವ ಚಾಳಿ ನಮ್ಮೂರಿನಲ್ಲಿಯೂ ಇದೆ. ಒಂದೆಡೆ ಗೊಬ್ಬರವನ್ನು ಸುಟ್ಟು ಇನ್ನೊಂದೆಡೆ ಬೆಟ್ಟವನ್ನು ಬೋಳಿಸುವ ನಮ್ಮ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ಜೆಸಿಬಿ ತರಿಸಿ ಗುಡ್ಡ ಕಡಿದು ತೋಟಕ್ಕೆ ಹೊಸ ಮಣ್ಣು ಹೊಡೆಸುವವರ ವಿಚಾರ ಬೇರೆಯೇ ಒಂದು ಭಾಷಣಕ್ಕೆ ಸಾಕು.

ಫಲವೇನು ಎಂದು ಕೇಳುವಿರಿ. ಮೊದಲ ಎರಡು ವರ್ಷ ಗೊಬ್ಬರ ನಿಜವಾಗಿಯೂ ಕಡಿಮೆಯಾಯಿತು, ತಾಯಿಯವರು ಅದನ್ನು ಆಗಾಗ ನೆನಪಿಸಿದರು. ಆಮೇಲೆ ಬಂತು 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷವದು. ಮುಂದಿನ ಬೇಸಗೆಯಲ್ಲಿ ಮಲೆನಾಡಿನ ಎಷ್ಟೋ ಬಾವಿಗಳು ತಳ ಕಂಡವು. ನಮ್ಮ ಅಬ್ಬಿ ದಾರದಷ್ಟು ಸಪೂರವಾಯಿತು, ನಿಲ್ಲಲಿಲ್ಲ. ಇದು ದರಕಿನಿಂದಲೇ ಎಂದು ವಿಜ್ಞಾನಿಯಾಗಿ ನಾನು ಪ್ರಮಾಣ ಮಾಡಲಾರೆ. ಒಂದು ಮನೆ, ಒಂದು ಒರತೆ ಪ್ರಯೋಗವಾಗುವುದಿಲ್ಲ; ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಒರತೆ ನನಗಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇರುವುದು ಇಲ್ಲಿಯೇ. ನಿಮ್ಮ ಮನೆಯ ಅಬ್ಬಿಗೆ ಒಂದು ಕೊಡ ಹಿಡಿಯಿರಿ, ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ, ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ. ಮೇಲಿನ ಬೆಟ್ಟ ಗುಡಿಸಿದ್ದೋ ಬಿಟ್ಟದ್ದೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹತ್ತು ಮನೆಗಳ ಕ್ಯಾಲೆಂಡರುಗಳು ಒಟ್ಟಾದರೆ ನಾನು ಖಂಡಿತ ಬಂದು ಕುಳಿತು ನಿಮ್ಮೊಂದಿಗೆ ಲೆಕ್ಕ ಹಾಕುತ್ತೇನೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಈಗ ತಾಯಿಯವರೇ ವಹಿಸಿಕೊಂಡಿದ್ದಾರೆ. ಇಂದು ಬೆಳಿಗ್ಗೆ ನಾನು ಹೊರಡುವಾಗ ಅವರು ಬರೆದದ್ದು: ಕೊಡಕ್ಕೆ ನಾಲ್ಕು ನಿಮಿಷ, ಚೌಡಿಯ ಕಡೆ ಗುಡಿಸಿಲ್ಲ.