ಮೇಷ್ಟ್ರನ್ನು ಹುಡುಕುವ ಮೊದಲು
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರವೇಶ ಪರೀಕ್ಷೆಗೆ ಒಳ್ಳೆಯ ಟ್ಯೂಷನ್ ಹುಡುಕುವುದು ಹೇಗೆ ಎಂಬ ಬಗ್ಗೆ ಮಾತಾಡಬೇಕೆಂದು ಸಂಘದವರು ಹೇಳಿದ್ದಾರೆ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ. ನಾನು ಮೇಜಿನ ಆಚೆ ಬದಿಯಲ್ಲಿ ಕೂರುವವಳು. ಡೊಂಬಿವಲಿಯ ನಮ್ಮ ಮನೆಯಲ್ಲಿ ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾ 19 ವರ್ಷಗಳಾದವು.

ಪ್ರತಿವರ್ಷ ಹತ್ತನೆಯ ರಿಸಲ್ಟ್ ಬಂದ ವಾರ ನನ್ನ ಫೋನು ಸುಮ್ಮನಿರುವುದಿಲ್ಲ. ತಾಯಂದಿರು ಕೇಳುವ ಮೊದಲ ಪ್ರಶ್ನೆ, "ಫೀ ಎಷ್ಟು ಟೀಚರ್?" ಎರಡನೆಯದು, "ನಿಮ್ಮ ಹತ್ರ ಬಂದ ಮಕ್ಕಳಿಗೆ ಎಷ್ಟು ಪರ್ಸೆಂಟೈಲ್ ಬಂದಿದೆ?" ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇವೆರಡಕ್ಕಿಂತ ಮೊದಲು ಮನೆಯಲ್ಲೇ ಮಗುವನ್ನು ಕೂರಿಸಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ನಿನಗೆ ಎಲ್ಲಿ ಕಷ್ಟ ಆಗ್ತಿದೆ?" ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು, ಯಾವ ಪರೀಕ್ಷೆ ಎಂದು ತೀರ್ಮಾನಿಸಿಕೊಳ್ಳಿ. ನಾವು "ಎಂಟ್ರೆನ್ಸ್" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಒಂದೊಂದು ಪರೀಕ್ಷೆಯ ಸ್ವಭಾವ ಒಂದೊಂದು ಥರ. ಜೆಇಇ ಮೇನ್‌ನಲ್ಲಿ 3 ಗಂಟೆಗೆ 75 ಪ್ರಶ್ನೆ, 300 ಅಂಕ. ನೀಟ್‌ನಲ್ಲಿ 3 ಗಂಟೆಗೆ 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಬಯಾಲಜಿಯದೇ. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ನಮ್ಮ ಮಹಾರಾಷ್ಟ್ರದ ಎಂಎಚ್‌ಟಿ ಸಿಇಟಿಯಲ್ಲಿ ಹಾಗೆ ಕಳೆಯುವುದಿಲ್ಲ. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಎರಡೂ ಸೇರಿ 90 ನಿಮಿಷಕ್ಕೆ 100 ಪ್ರಶ್ನೆ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಪ್ರಶ್ನೆಗಳಲ್ಲಿ ಸುಮಾರು 20 ಶೇಕಡಾ ಹನ್ನೊಂದನೆಯ ಪಾಠದಿಂದ, 80 ಶೇಕಡಾ ಹನ್ನೆರಡನೆಯದರಿಂದ. ಜೆಇಇ, ನೀಟ್ ಬರೆಯುವವರಿಗೆ ಎನ್‌ಸಿಇಆರ್‌ಟಿ ಪುಸ್ತಕ ಬುನಾದಿಯಾದರೆ ಸಿಇಟಿಗೆ ಮಹಾರಾಷ್ಟ್ರ ಬೋರ್ಡಿನ ಪುಸ್ತಕ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಜೆಇಇಗೆ ಹೆಸರಾದ ಮೇಷ್ಟ್ರು ಸಿಇಟಿಗೂ ಹೊಂದುತ್ತಾರೆ ಅಂತೇನಿಲ್ಲ. ಒಬ್ಬರು ಒಂದು ಲೆಕ್ಕವನ್ನು ಅರ್ಧ ಗಂಟೆ ಬಿಡಿಸಿ ಬಿಡಿಸಿ ಆಳಕ್ಕಿಳಿಸುತ್ತಾರೆ, ಇನ್ನೊಬ್ಬರು ವೇಗ ಕಲಿಸುತ್ತಾರೆ. ನಿಮ್ಮ ಮಗುವಿನ ಗುರಿ ಸಿಇಟಿ ಮೂಲಕ ಹತ್ತಿರದ ಒಳ್ಳೆಯ ಇಂಜಿನಿಯರಿಂಗ್ ಕಾಲೇಜು ಎಂದಾದರೆ, ಎರಡು ವರ್ಷದ ಐಐಟಿ ಕ್ಲಾಸಿಗೆ ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆಯುವ ಅಗತ್ಯವಿಲ್ಲ.

ಎರಡನೆಯದು, ತೊಡಕು ಎಲ್ಲಿದೆ ಎಂದು ಹುಡುಕುವುದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪುಕ್ಕಟೆಯಾಗಿ ಸಿಗುತ್ತವೆ. ಒಂದು ಭಾನುವಾರ ಟಿವಿ ಆರಿಸಿ, ಗಡಿಯಾರ ಇಟ್ಟು, ಮಗುವಿನ ಕೈಯಲ್ಲಿ ಒಂದು ಪತ್ರಿಕೆ ಬರೆಸಿ. ಕಾಲೇಜಿನಲ್ಲಿ ಇನ್ನೂ ಆಗದ ಪಾಠದ ಪ್ರಶ್ನೆಗಳನ್ನು ಬಿಟ್ಟುಬಿಡಲಿ. ಆಮೇಲೆ ತಪ್ಪಾದ ಉತ್ತರಗಳನ್ನು ಮೂರು ಗುಂಪು ಮಾಡಿ. ಪಾಠವೇ ಗೊತ್ತಿಲ್ಲದ್ದು ಒಂದು ಗುಂಪು. ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದ್ದು ಎರಡನೆಯದು. ಸಮಯ ಸಾಲದೆ ಬಿಟ್ಟದ್ದು ಮೂರನೆಯದು. ಇದನ್ನು ಮಾಡಲು ನಿಮಗೆ ಕೆಮಿಸ್ಟ್ರಿ ಬರಬೇಕಿಲ್ಲ. ಮಗುವೇ ಗುಂಪು ಮಾಡುತ್ತದೆ, ನೀವು ಪಕ್ಕದಲ್ಲಿ ಕೂತರೆ ಸಾಕು.

ಮೊದಲ ಗುಂಪು ದೊಡ್ಡದಾಗಿದ್ದರೆ ಕಲಿಸುವವರು ಬೇಕು. ಎರಡನೆಯದು ದೊಡ್ಡದಾಗಿದ್ದರೆ ಬೇಕಾದದ್ದು ದಿನಾ ಅಭ್ಯಾಸ ಮತ್ತು ತಪ್ಪು ಹುಡುಕಿ ತೋರಿಸುವ ಒಬ್ಬರು. ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಮತ್ತೆ ಮತ್ತೆ ಪರೀಕ್ಷೆ ಬರೆಯುವುದೇ ಮದ್ದು, ಅದಕ್ಕೆ ಪಾಠ ಹೇಳುವವರು ಬೇಕಾಗಿಲ್ಲ.

ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. ಪಿಎಚ್ ಲೆಕ್ಕಗಳಲ್ಲಿ ಪ್ರತಿ ಸಲ ಸೊನ್ನೆ. "ಕೆಮಿಸ್ಟ್ರಿ ತಲೆಗೆ ಹತ್ತೋದಿಲ್ಲ" ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಕೂರಿಸಿ ಕೇಳಿದರೆ ಆಮ್ಲ, ಪ್ರತ್ಯಾಮ್ಲದ ವಿಷಯವೆಲ್ಲ ಸರಿಯಾಗಿಯೇ ಹೇಳುತ್ತಾನೆ. ಅವನಿಗೆ ಬಾರದೆ ಇದ್ದದ್ದು ಲಾಗರಿದಮ್. ಈ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಕೈಯಲ್ಲೇ ಲೆಕ್ಕ ಹಾಕಬೇಕು. ಎರಡು ವಾರ ಬರೀ ಲಾಗ್ ಮತ್ತು ಹತ್ತರ ಘಾತಗಳನ್ನು ಮಾಡಿಸಿದೆ, ದಾರಿಗೆ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಮ್ಮ ಟ್ಯೂಷನ್ ವ್ಯವಹಾರ ಎಷ್ಟೋ ಮನೆಗಳಲ್ಲಿ ಹಾಗೇ ನಡೆಯುತ್ತಿದೆ.

ಮೂರನೆಯದು, ಕಲಿಸುವವರನ್ನು ಪರೀಕ್ಷಿಸುವುದು. ಎಲ್ಲಿ ಹುಡುಕಬೇಕು? ದೊಡ್ಡ ಫಲಕಕ್ಕಿಂತ ನಿಮ್ಮ ಬಿಲ್ಡಿಂಗಿನಲ್ಲಿ ಕಳೆದ ವರ್ಷ ಪರೀಕ್ಷೆ ಬರೆದ ಮಗು ಹೆಚ್ಚು ನಿಜ ಹೇಳುತ್ತದೆ. ರ‍್ಯಾಂಕ್ ಬಂದವರನ್ನಷ್ಟೇ ಕೇಳಬೇಡಿ, ಸಾಧಾರಣ ಅಂಕ ಬಂದವರನ್ನೂ ಕೇಳಿ. "ಗೊತ್ತಾಗದೆ ಇದ್ದಾಗ ಮತ್ತೊಮ್ಮೆ ಕೇಳೋಕೆ ಧೈರ್ಯ ಬರ್ತಿತ್ತಾ?" ಎಂದು ಕೇಳಿ. ನಿವೃತ್ತ ಲೆಕ್ಚರರ್‌ಗಳು, ಎಂಎಸ್ಸಿ ಮಾಡಿ ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅವರ ಹೆಸರು ಯಾವ ಬೋರ್ಡಿನ ಮೇಲೂ ಇರುವುದಿಲ್ಲ.

ಭೇಟಿಯಾದಾಗ ನಾಲ್ಕು ಮಾತು ಕೇಳಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಯಾವ ಪಾಠ ಯಾವ ತಿಂಗಳಿಗೆ ಮುಗಿಯುತ್ತದೆ? ಟೆಸ್ಟ್ ಆದ ಮೇಲೆ ತಪ್ಪುಗಳನ್ನು ಯಾರು ತಿದ್ದುತ್ತಾರೆ? ಒಂದು ವಾರ ಕೂತು ನೋಡಬಹುದೇ? ಇದಕ್ಕೆ ಸಿಟ್ಟಾಗುವವರ ಹತ್ತಿರ ಮಗುವನ್ನು ಬಿಡಬೇಡಿ. ಪಾಠ ಶುರು ಮಾಡುವ ಮೊದಲು ಮಗುವಿನ ನೋಟ್ಸು, ಹಳೆಯ ಉತ್ತರಪತ್ರಿಕೆ ತರಿಸಿ ನೋಡುವವರು ಸಿಕ್ಕರೆ ಅವರೇ ಸರಿಯಾದವರು.

ವಾರ ಕಳೆದ ಮೇಲೆ ನೋಟ್‌ಬುಕ್ ತೆಗೆದು ನೋಡಿ. ಬೋರ್ಡಿನಿಂದ ಇಳಿಸಿಕೊಂಡ ಅಂದವಾದ ಬರವಣಿಗೆಯೇ ತುಂಬಿದ್ದರೆ ಕಲಿತದ್ದು ಮೇಷ್ಟ್ರು. ಹೊಡೆದು ಹಾಕಿದ ಗೆರೆಗಳು, ಮತ್ತೆ ಮಾಡಿದ ಲೆಕ್ಕಗಳು ಕಂಡರೆ ಮಗು ಕಲಿಯುತ್ತಿದೆ ಎಂದು ತಿಳಿಯಿರಿ.

ಸುರಕ್ಷತೆಯ ಮಾತನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ. ಮನೆಪಾಠ ಹಾಲ್‌ನಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ, ಮನೆಯವರು ಒಬ್ಬರು ಇರಲಿ. ಪಾಠದ ಮೆಸೇಜುಗಳು ತಾಯಿಯೋ ತಂದೆಯೋ ಇರುವ ಗ್ರೂಪಿನಲ್ಲೇ ಬರಲಿ. ಒಳ್ಳೆಯ ಶಿಕ್ಷಕರು ಇದನ್ನು ಅವಮಾನ ಎಂದು ತಿಳಿಯುವುದಿಲ್ಲ. ನಾನಂತೂ ತಿಳಿದಿಲ್ಲ.

ದೊಡ್ಡ ಕೋಚಿಂಗ್ ಕ್ಲಾಸಿಗೇ ಹೋಗುವುದಾದರೆ ಕೆಲವು ನಿಯಮ ಗೊತ್ತಿರಲಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳ ಬಗ್ಗೆ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿದೆ. ಅದರ ಪ್ರಕಾರ 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು. ರ‍್ಯಾಂಕಿನ ಖಾತರಿ ಕೊಡಬಾರದು. ಕೋರ್ಸಿನ ನಡುವೆ ಫೀ ಏರಿಸಬಾರದು. ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಜಾಹೀರಾತುಗಳ ಬಗ್ಗೆಯೂ ಮಾರ್ಗಸೂಚಿ ಹೊರಡಿಸಿತು. ರ‍್ಯಾಂಕ್ ಬಂದ ವಿದ್ಯಾರ್ಥಿಯ ಫೋಟೋ ಹಾಕುವವರು ಆ ವಿದ್ಯಾರ್ಥಿ ತಮ್ಮಲ್ಲಿ ಯಾವ ಕೋರ್ಸು ಮಾಡಿದ್ದ ಎಂದು ಹೇಳಬೇಕು. ಎರಡು ವರ್ಷ ಕೂತು ಕಲಿತವನೋ, ಕೊನೆಗೆ ಎರಡು ಟೆಸ್ಟ್ ಬರೆದು ಹೋದವನೋ, ನೀವು ಕೇಳಲೇಬೇಕು. ಹಣ ಆದಷ್ಟು ಕಂತಿನಲ್ಲಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಈಗ ಹೇಳಲು ಸ್ವಲ್ಪ ಕಷ್ಟವಾದ ಮಾತು. ಇದು ಮಹಿಳಾ ವಿಭಾಗದ ಸಭೆ, ಇಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ?

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮೊದಲ ದಿನವೇ ಗೊತ್ತಾಯಿತು, ಹುಡುಗಿಗೆ ಕೆಮಿಸ್ಟ್ರಿ ಚೆನ್ನಾಗಿ ಬರುತ್ತದೆ. ನನ್ನ ಹತ್ತಿರ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಒಬ್ಬಳೇ ಇದ್ದಾಗ ಕೇಳಿದೆ, "ಇಲ್ಲಿಗೆ ಯಾಕೆ ಬಂದೆ ಮಗಾ?" ಅವಳು ಮೆಲ್ಲಗೆ ಹೇಳಿದಳು, "ನನಗೆ ಕಷ್ಟ ಇರೋದು ಫಿಸಿಕ್ಸ್, ಟೀಚರ್. ಆ ಸರ್ ಫೀ ಜಾಸ್ತಿ. ನಿಮ್ಮ ಹತ್ರ ಕಡಿಮೆ. ಅಣ್ಣನ ಕ್ಲಾಸಿಗೆ ಈಗಾಗಲೇ ತುಂಬಾ ಖರ್ಚಾಗಿದೆ, ಇವಳಿಗೆ ಯಾವುದೋ ಒಂದು ಇರಲಿ ಅಂತ."

ಯಾವುದೋ ಒಂದು ಇರಲಿ! ಆ ಮಾತು ನನಗೆ ಇನ್ನೂ ಮರೆತಿಲ್ಲ. ತಾಯಿ ಕೆಟ್ಟವರಲ್ಲ. ಮನೆಯ ಲೆಕ್ಕದಲ್ಲಿ ಮಗನದು ಹೂಡಿಕೆ, ಮಗಳದು ಖರ್ಚು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಗಿತ್ತು. ಮರುದಿನ ತಾಯಿಗೆ ಫೋನ್ ಮಾಡಿದೆ. "ಅಕ್ಕ, ನಿಮ್ಮ ಮಗಳಿಗೆ ನಾನು ಬೇಡ" ಎಂದೆ. ಪಕ್ಕದ ಗಲ್ಲಿಯ ಒಬ್ಬ ನಿವೃತ್ತ ಲೆಕ್ಚರರ್ ಹತ್ತಿರ ಮಾತಾಡಿ, ವಾರಕ್ಕೆ ಎರಡು ದಿನ, ಫಿಸಿಕ್ಸಿನ ನಾಲ್ಕು ಅಧ್ಯಾಯ ಮಾತ್ರ ಎಂದು ಗೊತ್ತುಮಾಡಿಸಿದೆ. ಮೂರು ತಿಂಗಳಿಗೆ ಕೆಲಸ ಮುಗಿಯಿತು. ಒಟ್ಟು ಖರ್ಚು ನನ್ನ ಒಂದು ವರ್ಷದ ಫೀಗಿಂತ ಕಡಿಮೆ. ಹುಡುಗಿ ಸಿಇಟಿಯಲ್ಲಿ ಸರ್ಕಾರಿ ಕಾಲೇಜಿನ ಸೀಟು ತೆಗೆದುಕೊಂಡಳು.

ಕಡಿಮೆ ಹಣದಲ್ಲೂ ಆಗುತ್ತದೆ, ತೊಡಕು ಎಲ್ಲಿ ಎಂದು ಗೊತ್ತಿದ್ದರೆ. ಅದನ್ನು ಹೆಣ್ಣುಮಗಳ ಹತ್ತಿರವೂ ಕೇಳಿದರೆ.

ಅವಕಾಶಗಳಂತೂ ಇವೆ. ಐಐಟಿಗಳಲ್ಲಿ ಹುಡುಗಿಯರ ಸಂಖ್ಯೆ ತೀರಾ ಕಡಿಮೆ ಇದೆ ಎಂದೇ 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೇರಿಸಿದ್ದಾರೆ. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಹೊಸದಾಗಿ ಸೇರಿಸಿದ್ದು. ಹಣವೇ ಇಲ್ಲ ಎನ್ನುವ ಮನೆಗೂ ದಾರಿ ಇದೆ. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ವೆಬ್‌ಸೈಟಿನಲ್ಲಿ ಉಚಿತ. ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ ನಡೆಸುವ 'ಸಾಥಿ' ಜಾಲತಾಣದಲ್ಲಿ ಜೆಇಇ, ನೀಟ್ ಪಾಠಗಳೂ ಅಭ್ಯಾಸ ಪರೀಕ್ಷೆಗಳೂ ಪುಕ್ಕಟೆ ಸಿಗುತ್ತವೆ. ಅವುಗಳನ್ನು ಬಳಸಿಕೊಂಡು, ಸಿಕ್ಕಿಕೊಂಡ ಜಾಗಕ್ಕೆ ಮಾತ್ರ ಟ್ಯೂಷನ್ ಇಟ್ಟುಕೊಳ್ಳಬಹುದು.

ಹೊರನಾಡಿನ ನಮಗೆ ಇನ್ನೊಂದು ವಿಷಯ. ಕರ್ನಾಟಕದ ಸಿಇಟಿ ನಮ್ಮ ಮಕ್ಕಳಿಗೆ ಮುಚ್ಚಿದ ಬಾಗಿಲು ಎಂದು ಹಲವರು ತಿಳಿದಿದ್ದಾರೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅಲ್ಲಿ ಅರ್ಹತೆಯ ನಿಯಮಗಳಿವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಂಥ ವಿದ್ಯಾರ್ಥಿಗಳಿಗಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಆ ವರ್ಷದ ಮಾಹಿತಿ ಪುಸ್ತಿಕೆ ಓದಿ, ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕನ್ನಡ ಓದಲು, ಬರೆಯಲು ಮಗುವಿಗೆ ಮನೆಯಲ್ಲಿ ಕಲಿಸಿದ್ದರೆ ಅದೂ ಒಂದು ಪ್ರವೇಶ ಪರೀಕ್ಷೆಯ ತಯಾರಿಯೇ. ಅದಕ್ಕೆ ಯಾರಿಗೂ ಫೀ ಕೊಡಬೇಕಿಲ್ಲ.

ಕೊನೆಯದಾಗಿ ಮಗುವಿನ ಮುಖ. ಬೆಳಗ್ಗೆ ಲೋಕಲ್ ಹಿಡಿದು ಕಾಲೇಜು, ಅಲ್ಲಿಂದ ಕ್ಲಾಸು, ರಾತ್ರಿ ಹತ್ತಕ್ಕೆ ಮನೆ ಎಂದಾದರೆ ಸ್ವಂತ ಓದಿಗೆ ಸಮಯ ಎಲ್ಲಿ? ಟ್ಯೂಷನ್‌ನಲ್ಲಿ ಒಂದು ಗಂಟೆ ಕೇಳಿದ್ದನ್ನು ದಕ್ಕಿಸಿಕೊಳ್ಳಲು ಮನೆಯಲ್ಲಿ ಎರಡು ಗಂಟೆಯಾದರೂ ಬೇಕು. ಆ ಸಮಯ ಉಳಿಯದಿದ್ದರೆ ಇನ್ನೊಂದು ಕ್ಲಾಸು ಸೇರಿಸುವ ಬದಲು ಇರುವುದರಲ್ಲಿ ಒಂದನ್ನು ಬಿಡಿಸಿ. ಊಟ ಬಿಡುವುದು, ನಿದ್ದೆ ಬಾರದಿರುವುದು, ಮಾತು ಕಡಿಮೆಯಾಗುವುದು ಕಂಡರೆ ಅಂಕದ ಮಾತು ನಿಲ್ಲಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ನಾವು ಕಲಿಸುವವರು ವಾರಕ್ಕೆ ಮೂರು ಗಂಟೆ ನೋಡುವ ಮುಖವನ್ನು ನೀವು ದಿನಾ ನೋಡುತ್ತೀರಿ. ನಮಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

ಸಂಘಕ್ಕೆ ನನ್ನದೊಂದು ಕೋರಿಕೆ. ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟು ಖಾಲಿ ಮಾಡಿ, ಪರೀಕ್ಷೆ ಮುಗಿಸಿದ ಮಕ್ಕಳ ಪುಸ್ತಕಗಳನ್ನು ಅಲ್ಲಿಡೋಣ. ಪಾಠ ಹೇಳಬಲ್ಲ ಸದಸ್ಯರ ಒಂದು ಪಟ್ಟಿ ಮಾಡೋಣ. ಕೆಮಿಸ್ಟ್ರಿಯ ಸಂದೇಹ ಇರುವ ಸದಸ್ಯರ ಮಕ್ಕಳಿಗೆ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಎರಡು ಗಂಟೆ ಇಲ್ಲೇ ಕೂರಲು ನಾನು ಸಿದ್ಧ. ಫಿಸಿಕ್ಸಿಗೆ, ಗಣಿತಕ್ಕೆ ಯಾರು ಬರುತ್ತೀರಿ? ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ನನ್ನ ಹತ್ತಿರ ಹೆಸರು ಬರೆಸಿ.